ಡಬ್ಬಿ ನೂರು, ಕಾರ್ಖಾನೆ ನಾಲ್ಕಾರು: ರೀಲೋಡಿಂಗ್ ಮದ್ದಿನ ಹೆಸರಿನಾಟ

ಎರಡು ಡಬ್ಬಿ ಎದುರಿಗಿಟ್ಟುಕೊಳ್ಳಿ. ಒಂದರ ಮೇಲೆ ವಿಂಚೆಸ್ಟರ್ 231 ಎಂದಿದೆ, ಇನ್ನೊಂದರ ಮೇಲೆ ಹಾಜ್‌ಡನ್ ಎಚ್‌ಪಿ-38. ಎರಡೂ ಪಿಸ್ತೂಲಿನ ತೋಟಾಗಳಿಗೆ ಬಳಸುವ ಹೊಗೆಯಿಲ್ಲದ ಮದ್ದು. ಬಿಳಿ ಹಾಳೆಯ ಮೇಲೆ ಎರಡರಿಂದಲೂ ಒಂದೊಂದು ಚಿಟಿಕೆ ಸುರಿದು ನೋಡಿ. ಅದೇ ಕಪ್ಪುಬೂದು ಬಣ್ಣ, ಅದೇ ಗ್ರಾಫೈಟ್ ಹೊಳಪು, ಒತ್ತಿ ಚಪ್ಪಟೆ ಮಾಡಿದ ಅದೇ ಸಣ್ಣ ಉಂಡೆಗಳು. ಭೂತಗನ್ನಡಿ ಹಿಡಿದರೂ ವ್ಯತ್ಯಾಸ ಸಿಗುವುದಿಲ್ಲ. ಯಾವ ತೋಟಾಗೆ ಎಷ್ಟು ಮದ್ದು ಎಂದು ಹಾಜ್‌ಡನ್ ಕಂಪನಿ ಪ್ರಕಟಿಸುವ ಪಟ್ಟಿಯಲ್ಲೂ ಎರಡಕ್ಕೂ ಅವೇ ಅಂಕಿಗಳು. ಯಾಕೆಂದರೆ ಎರಡೂ ಒಂದೇ ಮದ್ದು. ಫ್ಲಾರಿಡಾದ ಸೇಂಟ್ ಮಾರ್ಕ್ಸ್ ಪೌಡರ್ ಎಂಬ ಒಂದೇ ಕಾರ್ಖಾನೆಯಿಂದ ಬಂದು ಎರಡು ಡಬ್ಬಿ ಸೇರಿದೆ, ಅಷ್ಟೆ.

ಹಾಗಾದರೆ ಇದು ಮೋಸ ಅಲ್ವಾ? ಮೊದಲು ನನಗೂ ಹಾಗೇ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ಆದರೆ ಈ ಹೆಸರಿನಾಟದಲ್ಲಿ ನಿಜವಾಗಿ ಅಪಾಯಕಾರಿಯಾದ ಒಂದು ಜಾಗ ಇದೆ. ಒಂದೇ ಮದ್ದಿಗೆ ಎರಡು ಹೆಸರು ಇರುವುದು ಅದಲ್ಲ. ಎರಡು ಬೇರೆ ಮದ್ದುಗಳಿಗೆ ಒಂದೇ ಸಂಖ್ಯೆ ಇರುವುದು.

ಹೊಸಬರಿಗೆ ಒಂದು ಮಾತು. ರೀಲೋಡಿಂಗ್ ಎಂದರೆ ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ಕೇಸನ್ನು ಬಿಸಾಡದೆ, ಅದಕ್ಕೆ ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು), ಅಳೆದ ಮದ್ದು, ಹೊಸ ಬುಲೆಟ್ ಕೂರಿಸಿ ಮತ್ತೆ ಬಳಸುವುದು. ಅಮೆರಿಕದಲ್ಲಿ ಇದು ಬೇಟೆಗಾರರ, ಗುರಿಸ್ಪರ್ಧೆಯವರ ಹಳೆಯ ಹವ್ಯಾಸ. ಅಲ್ಲಿನ ಅಂಗಡಿಗಳ ಕಪಾಟಿನಲ್ಲಿ ನೂರಕ್ಕೂ ಹೆಚ್ಚು ಹೆಸರಿನ ಮದ್ದಿನ ಡಬ್ಬಿಗಳಿವೆ. ನೋಡಿದರೆ ನೂರು ಕಂಪನಿಗಳ ನಡುವೆ ಪೈಪೋಟಿ ನಡೆದಿದೆ ಅನ್ನಿಸುತ್ತದೆ. ನಿಜದಲ್ಲಿ ಈ ಮದ್ದೆಲ್ಲ ಬರುವುದು ಕೈಬೆರಳಲ್ಲಿ ಎಣಿಸಬಹುದಾದಷ್ಟು ಕಾರ್ಖಾನೆಗಳಿಂದ.

ಯಾಕೆ ಅಷ್ಟು ಕಡಿಮೆ? ಮದ್ದಿನ ಕಾರ್ಖಾನೆ ಕಟ್ಟುವುದು ಸಾಮಾನ್ಯ ಕೆಲಸ ಅಲ್ಲ. ಮೂಲವಸ್ತು ನೈಟ್ರೋಸೆಲ್ಯುಲೋಸ್. ಹತ್ತಿಯ ಸಣ್ಣ ಎಳೆ ಅಥವಾ ಮರದ ತಿರುಳನ್ನು ಆಮ್ಲದಲ್ಲಿ ಸಂಸ್ಕರಿಸಿ ಪಡೆಯುವ ಈ ವಸ್ತು ಒಣಗಿದರೆ ಒಂದು ಕಿಡಿಗೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಕಟ್ಟಡಗಳು ದೂರದೂರ ಇರಬೇಕು, ನಡುವೆ ಮಣ್ಣಿನ ದಿಬ್ಬಗಳು ಬೇಕು, ಸುತ್ತ ನೂರಾರು ಎಕರೆ ಖಾಲಿ ಜಾಗ ಬೇಕು. 1940ರ ಸೆಪ್ಟೆಂಬರ್‌ನಲ್ಲಿ ನ್ಯೂಜೆರ್ಸಿಯ ಕೆನ್ವಿಲ್‌ನಲ್ಲಿದ್ದ ಹರ್ಕ್ಯುಲಿಸ್ ಕಂಪನಿಯ ಮದ್ದಿನ ಕಾರ್ಖಾನೆ ಸ್ಫೋಟಗೊಂಡು 51 ಜನ ಸತ್ತರು. ಇಂಥ ಕಡೆ ಬಂಡವಾಳ ಹಾಕಲು ಸೈನ್ಯದ ದೊಡ್ಡ ಆರ್ಡರ್ ಬೆನ್ನಿಗಿರಬೇಕು. ಹವ್ಯಾಸಿಗಳು ಕೊಳ್ಳುವ ಒಂದು ಪೌಂಡಿನ, ಎಂಟು ಪೌಂಡಿನ ಡಬ್ಬಿಗಳು ಆ ದೊಡ್ಡ ಹೊಳೆಯಿಂದ ತೆಗೆದ ಒಂದು ಸಣ್ಣ ಕಾಲುವೆ.

ಆ ಕಾಲುವೆ ತೋಡಿದವರಲ್ಲಿ ದೊಡ್ಡ ಹೆಸರು ಬ್ರೂಸ್ ಹಾಜ್‌ಡನ್. ಕ್ಯಾನ್ಸಸ್‌ನವರು. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸರ್ಕಾರದ ಬಳಿ ಬೇಡವಾದ ಮದ್ದು ರಾಶಿ ಬಿದ್ದಿತ್ತು. ಹಾಜ್‌ಡನ್ ತಮ್ಮ ಜೀವವಿಮೆಯ ಮೇಲೆ ಸಾಲ ತೆಗೆದು 50,000 ಪೌಂಡ್ ಕೊಂಡರು. ಅದನ್ನು ಇಡಲು ಗೋದಾಮು ಇರಲಿಲ್ಲ. ಬಾಡಿಗೆಗೆ ಪಡೆದ ಹುಲ್ಲುಗಾವಲಿನಲ್ಲಿ ಹಳೆಯ ರೈಲು ಡಬ್ಬಿ ನಿಲ್ಲಿಸಿ ಅದರಲ್ಲಿ ತುಂಬಿಟ್ಟರು. ಕಂಪನಿಯೇ ಹೇಳಿಕೊಂಡು ಬಂದಿರುವ ಕಥೆ ಇದು. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಒಂದೇ: ಈ ವ್ಯಾಪಾರ ಹುಟ್ಟಿದ್ದೇ ಬೇರೆಯವರು ಮಾಡಿದ ಮದ್ದಿಗೆ ಹೊಸ ಚೀಟಿ ಅಂಟಿಸುವುದರಿಂದ. ಮೊದಲು ಸ್ವಂತ ಕಾರ್ಖಾನೆ ಇದ್ದು, ಆಮೇಲೆ ಯಾರೋ ಅಡ್ಡದಾರಿ ಹಿಡಿದರು ಎನ್ನುವ ಹಾಗಿಲ್ಲ.

ಆ ಮೊದಲ ಮದ್ದು 4895. ಡ್ಯೂಪಾಂಟ್ ಕಂಪನಿ ಸೈನ್ಯದ ರೈಫಲ್‌ಗೆಂದು ಮಾಡುತ್ತಿದ್ದ ಐಎಂಆರ್ ಸಾಲಿನದು. ಐಎಂಆರ್ ಎಂದರೆ ‘ಸುಧಾರಿತ ಮಿಲಿಟರಿ ರೈಫಲ್’ ಎನ್ನುವುದರ ಇಂಗ್ಲಿಷ್ ಮೊದಲಕ್ಷರಗಳು. ಸಂಖ್ಯೆ ಡ್ಯೂಪಾಂಟಿನದು. ಹಾಜ್‌ಡನ್ ಸಂಖ್ಯೆಯನ್ನು ಹಾಗೇ ಉಳಿಸಿಕೊಂಡರು. ಮುಂದೆ ಹೆಸರು ಎಚ್4895 ಆಯಿತು. ಆಗ ಅದರಲ್ಲಿ ತಪ್ಪೇನೂ ಇರಲಿಲ್ಲ, ಡಬ್ಬಿಯೊಳಗೆ ಇದ್ದದ್ದು ಅದೇ ಮದ್ದು.

ತೊಡಕು ಶುರುವಾದದ್ದು ಯುದ್ಧದ ದಾಸ್ತಾನು ಖಾಲಿಯಾದ ಮೇಲೆ. ಎಚ್4831ರ ಕಥೆ ನೋಡಿ. ಅದು ಮೂಲದಲ್ಲಿ 20 ಮಿಲಿಮೀಟರ್ ಫಿರಂಗಿಯ ಮದ್ದು. ಬೇಟೆಗಾರರು ಅದನ್ನು ದೊಡ್ಡ ರೈಫಲ್‌ಗಳಲ್ಲಿ ಬಳಸಿ ಮೆಚ್ಚಿಕೊಂಡಿದ್ದರು. ಹಳೆಯ ದಾಸ್ತಾನು ಮುಗಿದಾಗ ಹಾಜ್‌ಡನ್ ಅದೇ ಹೆಸರಿನಲ್ಲಿ ಹೊಸದಾಗಿ ಮಾಡಿಸಬೇಕಾಯಿತು. ಮೊದಲು ಸ್ಕಾಟ್ಲೆಂಡಿನಲ್ಲಿ ಮಾಡಿಸಿದರು, ಆಮೇಲೆ ಆಸ್ಟ್ರೇಲಿಯಾದಲ್ಲಿ. ಈ ನಡುವೆ, 1970ರ ದಶಕದಲ್ಲಿ, ಡ್ಯೂಪಾಂಟ್ ಕೂಡ ಅದೇ ಸಂಖ್ಯೆ ಹಾಕಿ ಐಎಂಆರ್ 4831 ಎಂದು ಮಾರಲು ಶುರು ಮಾಡಿತು. ಸಂಖ್ಯೆ ಒಂದೇ. ಆದರೆ ಐಎಂಆರ್‌ನದು ಸ್ವಲ್ಪ ಬೇಗ ಉರಿಯುವ ಮದ್ದು. ಎಚ್4831ಕ್ಕೆಂದು ಬರೆದ ಗರಿಷ್ಠ ಅಳತೆಯನ್ನು ಐಎಂಆರ್ ಡಬ್ಬಿಯಿಂದ ತುಂಬಿದರೆ ಚೇಂಬರಿನೊಳಗಿನ, ಅಂದರೆ ಬಂದೂಕಿನಲ್ಲಿ ತೋಟಾ ಕೂರುವ ಜಾಗದ, ಒತ್ತಡ ಮಿತಿ ಮೀರಬಹುದು. ಬೇಗ ಉರಿಯುವುದು ಎಂದರೆ ಒತ್ತಡ ಬೇಗ ಏರುವುದು. ಬಂದೂಕಿನ ಉಕ್ಕಿಗೆ ಚೀಟಿ ಓದಲು ಬರುವುದಿಲ್ಲ ನೋಡಿ.

ಇವತ್ತಿಗೂ ಎಚ್4895 ಬೇರೆ, ಐಎಂಆರ್ 4895 ಬೇರೆ. ಎಚ್4350 ಬೇರೆ, ಐಎಂಆರ್ 4350 ಬೇರೆ. ಅಕ್ಯುರೇಟ್ ಎನ್ನುವ ಬ್ರಾಂಡಿನಲ್ಲಿ ಇನ್ನೊಂದು 4350 ಇದೆ, ಅದೂ ಬೇರೆ. ಇದರಲ್ಲಿ ವಿಚಿತ್ರ ಏನೆಂದರೆ ಈಗ ಈ ಮೂರೂ ಬ್ರಾಂಡುಗಳ ಮಾಲೀಕರು ಒಬ್ಬರೇ, ಹಾಜ್‌ಡನ್ ಕಂಪನಿ. ಐಎಂಆರ್ ಅನ್ನು 2003ರಲ್ಲಿ ಕೊಂಡರು. ವಿಂಚೆಸ್ಟರ್ ಹೆಸರಿನ ಮದ್ದು ಮಾರುವ ಪರವಾನಗಿ 2006ರಲ್ಲಿ ಬಂತು. ಅಕ್ಯುರೇಟ್ ಮತ್ತು ರಾಮ್‌ಶಾಟ್ 2020ರಲ್ಲಿ ಮಾಂಟಾನಾದ ವೆಸ್ಟರ್ನ್ ಪೌಡರ್ಸ್‌ನಿಂದ ಬಂದವು. ಕಪಾಟಿನಲ್ಲಿ ಅಕ್ಕಪಕ್ಕ ಪೈಪೋಟಿಗೆ ನಿಂತ ಹಾಗೆ ಕಾಣುವ ಐದು ಬ್ರಾಂಡುಗಳ ದುಡ್ಡು ಹೋಗುವುದು ಒಂದೇ ಗಲ್ಲಾಪೆಟ್ಟಿಗೆಗೆ.

ಮಾಲೀಕರು ಒಬ್ಬರೇ ಎಂದ ಮಾತ್ರಕ್ಕೆ ಮದ್ದು ಮಾಡುವವರು ಒಬ್ಬರೇ ಅಲ್ಲ. ಐಎಂಆರ್‌ನ ಹಳೆಯ ಸಾಲು ಬಂದದ್ದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವ್ಯಾಲಿಫೀಲ್ಡ್‌ನಿಂದ. ಅದು ಈಗ ಜನರಲ್ ಡೈನಾಮಿಕ್ಸ್ ಎಂಬ ಅಮೆರಿಕದ ರಕ್ಷಣಾ ಕಂಪನಿಯ ಕೈಯಲ್ಲಿದೆ. ಫ್ಲಾರಿಡಾದ ಸೇಂಟ್ ಮಾರ್ಕ್ಸ್ ಕೂಡ ಜನರಲ್ ಡೈನಾಮಿಕ್ಸ್‌ನದೇ. ರಾಮ್‌ಶಾಟ್‌ನ ಹೆಚ್ಚಿನ ಮದ್ದು ಬೆಲ್ಜಿಯಂನ ಪಿಬಿ ಕ್ಲೆರ್ಮಾಂಟ್‌ನದು. ಹಾಜ್‌ಡನ್‌ನ ‘ಎಕ್ಸ್‌ಟ್ರೀಮ್’ ಸಾಲು, ಅಂದರೆ ಬಿಸಿಲು ಚಳಿಗೆ ಹೆಚ್ಚು ಏರುಪೇರಾಗದ ರೈಫಲ್ ಮದ್ದುಗಳು, ಬರುವುದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಮುಲ್ವಾಲಾದಿಂದ. ಎರಡನೇ ಮಹಾಯುದ್ಧದ ಕಾಲದಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆ ಅದು. ಆಮೇಲೆ ಎಡಿಐ ಎಂಬ ಕಂಪನಿ ಆಯಿತು, ಈಗ ಥೇಲ್ಸ್ ಕಂಪನಿ ನಡೆಸುತ್ತದೆ.

ಮುಲ್ವಾಲಾದ ಬಗ್ಗೆ ನನಗೆ ಒಂದು ಮೆಚ್ಚುಗೆ ಇದೆ. ಅವರು ಮುಚ್ಚುಮರೆ ಮಾಡುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಎಡಿಐ ಹೆಸರಿನಲ್ಲಿ ಮಾರುವ ಎಆರ್2208 ಎನ್ನುವುದೇ ಅಮೆರಿಕದಲ್ಲಿ ವಾರ್ಗೆಟ್. ಎಆರ್2206ಎಚ್ ಅಲ್ಲಿ ಎಚ್4895. ಎಆರ್2209 ಅಲ್ಲಿ ಎಚ್4350. ಎಆರ್2217 ಎಂದರೆ ಎಚ್1000. ಯಾವುದು ಯಾವುದಕ್ಕೆ ಸಮ ಎನ್ನುವ ಪಟ್ಟಿಯನ್ನು ಎಡಿಐ ತಾನೇ ಪ್ರಕಟಿಸಿದೆ. ಅದರಿಂದ ಯಾರ ವ್ಯಾಪಾರವೂ ಮುಳುಗಿಲ್ಲ. ಅಂದಹಾಗೆ, ‘ವಾರ್ಗೆಟ್’ ಎನ್ನುವುದು ಬೇಟೆಯ ಸಣ್ಣ ಪ್ರಾಣಿಗಳಿಗೆ ಹೇಳುವ ‘ವಾರ್ಮಿಂಟ್’ ಮತ್ತು ‘ಟಾರ್ಗೆಟ್’ ಎರಡನ್ನೂ ಕತ್ತರಿಸಿ ಜೋಡಿಸಿದ ಹೆಸರು. ಕೇಳಿದರೆ ಯಾವುದೋ ಜರ್ಮನ್ ವಿಜ್ಞಾನಿಯ ಹೆಸರಿನ ಹಾಗಿದೆ. ಎಚ್380 ಇನ್ನೂ ತಮಾಷೆ. ಹೆಸರಿಲ್ಲದ ಒಂದು ಮದ್ದನ್ನು ಬ್ರೂಸ್ ಹಾಜ್‌ಡನ್ ತಮ್ಮ ರೈಫಲ್‌ನಲ್ಲಿ ಪರೀಕ್ಷಿಸುತ್ತಿದ್ದಾಗ 38.0 ಗ್ರೇನ್ (ಮದ್ದು ತೂಗುವ ಸಣ್ಣ ಅಳತೆ) ತೂಕಕ್ಕೆ ಗುರಿ ಚೆನ್ನಾಗಿ ಕೂತಿತಂತೆ. ಚುಕ್ಕೆ ತೆಗೆದು ಅದನ್ನೇ ಹೆಸರಾಗಿಸಿದರು. ಈ ಸಂಖ್ಯೆಗಳಲ್ಲಿ ಒಂದು ಶಿಸ್ತು ಇದೆ, ಹೆಚ್ಚಿದ್ದರೆ ಜೋರು ಎಂದುಕೊಳ್ಳುವವರು ಇದನ್ನು ನೆನಪಿಡಬೇಕು.

ಸೇಂಟ್ ಮಾರ್ಕ್ಸ್‌ನದು ಬೇರೆಯ ಜಾತಿ. ಮುಲ್ವಾಲಾ, ವ್ಯಾಲಿಫೀಲ್ಡ್‌ಗಳ ರೈಫಲ್ ಮದ್ದು ಶ್ಯಾವಿಗೆಯ ಹಾಗೆ ಅಚ್ಚಿನಿಂದ ಒತ್ತಿ, ಸಣ್ಣಗೆ ಕತ್ತರಿಸಿದ ತುಂಡುಗಳು. ಸೇಂಟ್ ಮಾರ್ಕ್ಸ್‌ನದು ಬಾಲ್ ಪೌಡರ್, ಅಂದರೆ ಉಂಡೆ ಮದ್ದು. 1930ರ ದಶಕದಲ್ಲಿ ವೆಸ್ಟರ್ನ್ ಕಾರ್ಟ್ರಿಜ್ ಕಂಪನಿಯ ಫ್ರೆಡ್ ಓಲ್ಸೆನ್ ಈ ವಿಧಾನ ಕಂಡುಹಿಡಿದರು. ಇದರ ದೊಡ್ಡ ಗುಣ ಎರಡು. ಹಳತಾದ ಮದ್ದನ್ನು ಮತ್ತೆ ಕರಗಿಸಿ ಹೊಸದು ಮಾಡಬಹುದು. ಉಂಡೆಯಾದ್ದರಿಂದ ಅಳತೆಯ ಯಂತ್ರದಲ್ಲಿ ಸಾಸಿವೆಯ ಹಾಗೆ ಸರಾಗವಾಗಿ ಜಾರುತ್ತದೆ. ಸೈನ್ಯಕ್ಕೂ ತೋಟಾ ಕಂಪನಿಗಳಿಗೂ ಇದು ಇಷ್ಟವಾಯಿತು. ಹೀಗಾಗಿ ಉಂಡೆ ಮದ್ದಿನ ಡಬ್ಬಿ ಯಾವ ಹೆಸರಿನದಾದರೂ ಅಮೆರಿಕದಲ್ಲಿ ಅದರ ತವರು ಹೆಚ್ಚಾಗಿ ಸೇಂಟ್ ಮಾರ್ಕ್ಸ್. ವಿಂಚೆಸ್ಟರ್ 296 ಮತ್ತು ಎಚ್110 ಒಂದೇ. ವಿಂಚೆಸ್ಟರ್ 760 ಮತ್ತು ಎಚ್414 ಒಂದೇ. ಒಂದೇ ಕಂಪನಿ ಎರಡೂ ಹೆಸರು ಯಾಕೆ ಉಳಿಸಿಕೊಳ್ಳಬೇಕು? ನನ್ನ ಲೆಕ್ಕದಲ್ಲಿ ಉತ್ತರ ಸರಳ. ಮೂವತ್ತು ವರ್ಷ 231 ತುಂಬಿದವನು ಎಚ್‌ಪಿ-38ರ ಡಬ್ಬಿ ಮುಟ್ಟುವುದಿಲ್ಲ. ಅವನ ನಂಬಿಕೆ ಇರುವುದು ಮದ್ದಿನ ಮೇಲೆ ಅಲ್ಲ, ಚೀಟಿಯ ಮೇಲೆ.

ಇದರ ಉಲ್ಟಾ ಕಥೆಯೂ ಇದೆ: ಚೀಟಿ ಗಟ್ಟಿಯಾಗಿ ನಿಂತು ಮಾಲೀಕರೇ ಬದಲಾಗುತ್ತಾ ಹೋಗುವುದು. ಬುಲ್ಸ್‌ಐ ಎಂಬ ಪಿಸ್ತೂಲ್ ಮದ್ದು 1898ರಿಂದ ಇದೆ. ಮೊದಲು ಲಾಫ್ಲಿನ್ ಆಂಡ್ ರ್‍ಯಾಂಡ್ ಕಂಪನಿಯದು. ಅದನ್ನು ಡ್ಯೂಪಾಂಟ್ ನುಂಗಿತು. ಡ್ಯೂಪಾಂಟ್ ಮದ್ದಿನ ಮಾರುಕಟ್ಟೆಯನ್ನೆಲ್ಲ ಹಿಡಿದಿದೆ ಎಂದು 1912ರಲ್ಲಿ ನ್ಯಾಯಾಲಯ ಅದನ್ನು ಒಡೆದಾಗ ಬುಲ್ಸ್‌ಐ ಹರ್ಕ್ಯುಲಿಸ್ ಪಾಲಾಯಿತು. 1995ರಲ್ಲಿ ಅಲಯಂಟ್. ಆಮೇಲೆ ವಿಸ್ಟಾ ಔಟ್‌ಡೋರ್. 2024ರ ಕೊನೆಗೆ ಜೆಕ್ ದೇಶದ ಸಿಎಸ್‌ಜಿ ಕಂಪನಿ. ಡಬ್ಬಿಯ ಮೇಲಿನ ಹೆಸರು ಮಾತ್ರ ಅದೇ. ಅಲಯಂಟ್‌ನ ಇಂಥ ಹಳೆಯ ಪಿಸ್ತೂಲ್ ಮತ್ತು ಶಾಟ್‌ಗನ್ ಮದ್ದುಗಳ ಮನೆ ವರ್ಜೀನಿಯಾದ ರಾಡ್‌ಫರ್ಡ್, ಸೈನ್ಯದ ಒಡೆತನದ ಕಾರ್ಖಾನೆ. ಆದರೆ ಅದೇ ಅಲಯಂಟ್‌ನ ‘ರೀಲೋಡರ್’ ಸಾಲಿನ ರೈಫಲ್ ಮದ್ದಿಗೂ ರಾಡ್‌ಫರ್ಡಿಗೂ ಹೆಚ್ಚು ಸಂಬಂಧ ಇಲ್ಲ. ರೀಲೋಡರ್ 15, 19, 22 ಸ್ವೀಡನ್ನಿನ ಕಾರ್ಲ್‌ಸ್ಕೂಗಾದ ಬೋಫೋರ್ಸ್‌ನಿಂದ ಬಂದವು. ರೀಲೋಡರ್ 17 ಸ್ವಿಟ್ಜರ್ಲೆಂಡಿನ ವಿಮ್ಮಿಸ್‌ನ ನೈಟ್ರೋಕೆಮಿಯಿಂದ ಬಂತು. ಒಂದೇ ಹೆಸರಿನ ಕುಟುಂಬ, ಅಣ್ಣ ಸ್ವೀಡನ್ನಿನವನು, ತಮ್ಮ ಸ್ವಿಟ್ಜರ್ಲೆಂಡಿನವನು.

ರೆಡ್ ಡಾಟ್, ಗ್ರೀನ್ ಡಾಟ್ ಎನ್ನುವ ಅಲಯಂಟ್ ಮದ್ದುಗಳಲ್ಲಿ ಒಂದು ಚೆಂದದ ಪದ್ಧತಿ ಇದೆ. ಕಪ್ಪು ಚೂರುಗಳ ನಡುವೆ ಅಲ್ಲೊಂದು ಇಲ್ಲೊಂದು ಬಣ್ಣದ ಚೂರು ಬೆರೆಸುತ್ತಾರೆ. ಗ್ರೀನ್ ಡಾಟ್ ಸುರಿದರೆ ಹಸಿರು ಕಾಣುತ್ತದೆ. ಡಬ್ಬಿಯ ಚೀಟಿ ಹರಿದರೂ ಮದ್ದೇ ತನ್ನ ಹೆಸರು ಹೇಳುತ್ತದೆ. ಉಳಿದವರೂ ಹೀಗೆ ಮಾಡಿದ್ದರೆ ಎಷ್ಟು ತಲೆನೋವು ಉಳಿಯುತ್ತಿತ್ತು!

ಈಗ ಮೋಸದ ಪ್ರಶ್ನೆಗೆ ಬರೋಣ. ತಾನು ಮಾಡದ ಮದ್ದಿಗೆ ಬ್ರಾಂಡ್ ಏನು ಸೇರಿಸುತ್ತದೆ? ಸುಮ್ನೆ ಡಬ್ಬಿ, ಚೀಟಿ ಅಷ್ಟೇನಾ? ಅಲ್ಲ. ಮದ್ದು ರಸಾಯನದ ಅಡುಗೆ. ಒಂದು ಸಲ ಮಾಡಿದ್ದು ಇನ್ನೊಂದು ಸಲಕ್ಕೆ ಪೂರ್ತಿ ಹೊಂದುವುದಿಲ್ಲ. ಒಂದು ಲಾಟ್ ಸ್ವಲ್ಪ ಚುರುಕು, ಇನ್ನೊಂದು ಸ್ವಲ್ಪ ನಿಧಾನ. ತೋಟಾ ಕಾರ್ಖಾನೆಗಳಿಗೆ ಇದು ತೊಂದರೆಯಲ್ಲ. ಅವರು ಟನ್‌ಗಟ್ಟಲೆ ಕೊಳ್ಳುತ್ತಾರೆ, ಪ್ರತಿ ಲಾಟನ್ನೂ ಒತ್ತಡ ಅಳೆಯುವ ಉಪಕರಣದಲ್ಲಿ ಪರೀಕ್ಷಿಸಿ ತುಂಬುವ ಅಳತೆಯನ್ನು ಹೊಂದಿಸಿಕೊಳ್ಳುತ್ತಾರೆ. ಮನೆಯ ಮೇಜಿನ ಮೇಲೆ ತೋಟಾ ತುಂಬುವವನ ಹತ್ತಿರ ಆ ಉಪಕರಣ ಎಲ್ಲಿಂದ ಬರಬೇಕು? ಅವನ ಹತ್ತಿರ ಇರುವುದು ಒಂದು ತಕ್ಕಡಿ, ಒಂದು ಪುಸ್ತಕ. ಪುಸ್ತಕದ ಅಂಕಿ ಈ ವರ್ಷದ ಡಬ್ಬಿಗೂ ಐದು ವರ್ಷದ ಹಿಂದಿನ ಡಬ್ಬಿಗೂ ಹೊಂದಬೇಕು. ಅದಕ್ಕೇ ಚಿಲ್ಲರೆ ಡಬ್ಬಿಗೆ ಹೋಗುವ ಮದ್ದನ್ನು ಬೇರೆ ದರ್ಜೆಯಾಗಿ ನೋಡುತ್ತಾರೆ. ‘ಕ್ಯಾನಿಸ್ಟರ್ ಗ್ರೇಡ್’ ಎಂದು ಅದರ ಹೆಸರು. ಚುರುಕಿನ ಲಾಟನ್ನೂ ನಿಧಾನದ ಲಾಟನ್ನೂ ಬೆರೆಸಿ, ಪರೀಕ್ಷಿಸಿ, ಮೂಲ ಮಾದರಿಯ ಹತ್ತಿರಕ್ಕೆ ತರುತ್ತಾರೆ. ಬ್ರಾಂಡ್ ಮಾರುವುದು ಆ ಮಾತನ್ನು: ಈ ಚೀಟಿಯ ಮದ್ದು ಈ ಪಟ್ಟಿಯ ಅಂಕಿಗೆ ಹೊಂದುತ್ತದೆ ಎನ್ನುವ ಮಾತು.

ಆದ್ದರಿಂದಲೇ ‘ಅದೂ ಇದೂ ಒಂದೇ ಮದ್ದಂತೆ’ ಎನ್ನುವ ಮಾತಿಗೆ ನಾನು ಎಚ್ಚರ ಹೇಳುವುದು. ಎಚ್335ರ ಮೂಲ ಸೈನ್ಯದ ಡಬ್ಲ್ಯೂಸಿ844. ಬಿಎಲ್-ಸಿ(2)ರ ಮೂಲ ಡಬ್ಲ್ಯೂಸಿ846. ಇದು ನಿಜ. ಹಾಗೆಂದು ಸೈನ್ಯದ ಹಳೆಯ ದಾಸ್ತಾನಿನಿಂದ ಬಂದ ಡಬ್ಲ್ಯೂಸಿ844ರ ಪೀಪಾಯಿಗೆ ಎಚ್335ರ ಅಳತೆ ಹೊಂದಲೇಬೇಕು ಎಂದಿಲ್ಲ. ಅದು ಬೆರೆಸಿ ಸಮ ಮಾಡದ ಮದ್ದು. ಕುಲ ಒಂದೇ, ಆದರೆ ತೂಕಕ್ಕೆ ನಿಲ್ಲಿಸಿದರೆ ಬೇರೆ.

ಮದ್ದು ಬದಲಾದರೆ ಏನಾಗುತ್ತದೆ ಎನ್ನುವುದನ್ನು ಅಮೆರಿಕದ ಸೈನ್ಯ ವಿಯೆಟ್ನಾಂನಲ್ಲಿ ಕಲಿಯಿತು, ಅದೂ ಸೈನಿಕರ ಜೀವ ಕೊಟ್ಟು. ಎಂ16 ರೈಫಲ್ ರೂಪುಗೊಂಡದ್ದು ಐಎಂಆರ್ ಸಾಲಿನ ಕಡ್ಡಿ ಮದ್ದಿನ ಜೊತೆ. 1964ರಲ್ಲಿ ಸೈನ್ಯ ಉಂಡೆ ಮದ್ದಿಗೆ ಒಪ್ಪಿಗೆ ಕೊಟ್ಟಿತು. ಗುಂಡಿನ ವೇಗ ಲೆಕ್ಕಕ್ಕೆ ಸರಿಯಾಗಿತ್ತು. ಆದರೆ ರೈಫಲ್ ತಾನಾಗಿ ಗುಂಡು ಹಾರಿಸುವ ಗತಿ ಹೆಚ್ಚಾಯಿತು, ಒಳಗೆ ಮಸಿ ಜಾಸ್ತಿ ಕೂತಿತು. ಚೇಂಬರಿಗೆ ಕ್ರೋಮ್ ಲೇಪ ಇರಲಿಲ್ಲ, ಶುಚಿ ಮಾಡುವ ಸಾಮಾನು ಸಾಕಷ್ಟು ಕೊಟ್ಟಿರಲಿಲ್ಲ. ಕಾಳಗದ ನಡುವೆ ಬಂದೂಕುಗಳು ಕಚ್ಚಿಕೊಂಡವು. 1967ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಇಕಾರ್ಡ್ ಸಮಿತಿ ಮದ್ದಿನ ಬದಲಾವಣೆಯನ್ನೇ ಬೊಟ್ಟು ಮಾಡಿ ಟೀಕಿಸಿತು. ಮದ್ದಿನಲ್ಲಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಕಡಿಮೆ ಮಾಡಿ ತಿದ್ದಿದ ರೂಪವೇ ಮುಂದೆ ಡಬ್ಲ್ಯೂಸಿ844 ಆಯಿತು. ಇವತ್ತು ಎಚ್335ರ ಡಬ್ಬಿ ತೆರೆಯುವವನ ಕೈಯಲ್ಲಿರುವುದು ಆ ಇತಿಹಾಸದ ಒಂದು ಕುಡಿ.

ಹೊರಗಿನಿಂದ ತರಿಸಿ ಮಾರುವ ಬ್ರಾಂಡುಗಳಲ್ಲಿ ಇನ್ನೊಂದು ತೊಡಕಿದೆ. ಅಕ್ಯುರೇಟ್ ತನ್ನ ಜೀವಮಾನದಲ್ಲಿ ಇಸ್ರೇಲ್, ಜೆಕ್, ಅಮೆರಿಕ ಎಂದು ಹಲವು ಕಡೆಯಿಂದ ಮದ್ದು ತಂದಿದೆ. ಮೂಲ ಬದಲಾದಾಗ ಹೆಸರು ಉಳಿದರೂ ಅಳತೆಯ ಪಟ್ಟಿ ತಿದ್ದಬೇಕಾಗುತ್ತದೆ. ಹಳೆಯ ಪುಸ್ತಕ, ಹೊಸ ಡಬ್ಬಿ ಎನ್ನುವ ಜೋಡಿ ಕೆಟ್ಟದ್ದು. ಜೆಕ್ ದೇಶದ ಪಾರ್ಡುಬಿಟ್ಸೆಯ ಎಕ್ಸ್‌ಪ್ಲೋಸಿಯಾ ಕಾರ್ಖಾನೆಯ ಮದ್ದು ಯುರೋಪಿನಲ್ಲಿ ಲೋವೆಕ್ಸ್ ಹೆಸರಿನಲ್ಲಿ ಸಿಗುತ್ತದೆ, ಅಮೆರಿಕಕ್ಕೆ ಬಂದರೆ ಶೂಟರ್ಸ್ ವರ್ಲ್ಡ್ ಚೀಟಿ ಹೊತ್ತುಕೊಳ್ಳುತ್ತದೆ. ಇವೆಲ್ಲದರ ನಡುವೆ ಫಿನ್ಲೆಂಡಿನ ವಿಹ್ತಾವುವೊರಿ ಒಂದು ಅಪವಾದ. 1922ರಿಂದ ಇರುವ ಕಾರ್ಖಾನೆ ತನ್ನ ಊರಿನ ಹೆಸರಲ್ಲೇ ತನ್ನ ಮದ್ದು ಮಾರುತ್ತದೆ. ಹೆಸರು ಹೇಳಲು ನಾಲಿಗೆ ತಿರುಗುವುದಿಲ್ಲ, ಆದರೆ ಎಲ್ಲಿಂದ ಬಂತು ಎಂದು ಕೇಳುವ ಕೆಲಸವಿಲ್ಲ.

ಈ ಹೆಸರಿನಾಟ ಇಷ್ಟು ದಿನ ಹವ್ಯಾಸಿಗಳ ಹರಟೆಯ ವಿಷಯ ಆಗಿತ್ತು. ಈಗ ಅದು ಹೊಟ್ಟೆಗೆ ತಟ್ಟುವ ವಿಷಯ ಆಗಿರುವುದು ಕೊರತೆಯಿಂದ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಫಿರಂಗಿ ಮದ್ದಿಗೆ ಬೇಡಿಕೆ ವಿಪರೀತ ಏರಿತು. ಫಿರಂಗಿಯ ಒಂದು ಹೊಡೆತಕ್ಕೆ ಬೇಕಾಗುವ ಮದ್ದು ಕಿಲೋಗಟ್ಟಲೆ. ಪಿಸ್ತೂಲಿನ ಒಂದು ತೋಟಾಗೆ ಒಂದು ಗ್ರಾಮಿಗಿಂತ ಕಡಿಮೆ ಸಾಕು. ಎರಡಕ್ಕೂ ಬೇಕಾದದ್ದು ಅದೇ ನೈಟ್ರೋಸೆಲ್ಯುಲೋಸ್. ಸೈನ್ಯ ಮತ್ತು ಹವ್ಯಾಸಿ ಒಂದೇ ಸಾಲಿನಲ್ಲಿ ನಿಂತರೆ ಯಾರಿಗೆ ಮೊದಲು ಸಿಗುತ್ತದೆ ಎಂದು ಹೇಳಬೇಕಿಲ್ಲ. 2024ರ ಶುರುವಿನಲ್ಲಿ ವಿಸ್ಟಾ ಔಟ್‌ಡೋರ್ ಜಗತ್ತಿನಾದ್ಯಂತ ಮದ್ದಿನ ಕೊರತೆ ಇದೆ ಎಂದು ಬೆಲೆ ಏರಿಸಿತು. ಅದೇ ವರ್ಷ ನೈಟ್ರೋಸೆಲ್ಯುಲೋಸ್ ಸಿಗುತ್ತಿಲ್ಲ ಎಂಬ ಕಾರಣಕ್ಕೆ ಅಲಯಂಟ್ ಮದ್ದಿನ ಪೂರೈಕೆಯನ್ನೇ ತಡೆಹಿಡಿಯಿತು. ಯುರೋಪಿನಲ್ಲಿ ಹತ್ತಿಯ ಸಣ್ಣ ಎಳೆಗೆ ಚೀನಾದ ಮೇಲೆ ಎಷ್ಟು ಅವಲಂಬಿಸಿದ್ದೇವೆ ಎನ್ನುವ ಚಿಂತೆ ನಾಯಕರ ಬಾಯಲ್ಲೇ ಬಂತು. ಅದೇ ವರ್ಷದ ಏಪ್ರಿಲ್‌ನಲ್ಲಿ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ ಬರ್ಜರಾಕ್‌ನಲ್ಲಿ ಯುರೆಂಕೊ ಕಂಪನಿಯ ಹೊಸ ಮದ್ದಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ವರ್ಷಕ್ಕೆ 1,200 ಟನ್ ಗುರಿ. ಅದು ಫಿರಂಗಿಗೆ, ಡಬ್ಬಿಗಲ್ಲ.

ಕಪಾಟಿನ ನೂರು ಹೆಸರುಗಳ ನಿಜ ಬಣ್ಣ ಆಗ ಹೊರಬಿತ್ತು. ಒಂದು ಬ್ರಾಂಡ್ ಸಿಗದಿದ್ದರೆ ಇನ್ನೊಂದು ಎಂದುಕೊಂಡಿದ್ದವರಿಗೆ ಇನ್ನೊಂದೂ ಸಿಗಲಿಲ್ಲ. ಎರಡಕ್ಕೂ ತಾಯಿ ಒಂದೇ ಆದರೆ ಸಿಗುವುದಾದರೂ ಹೇಗೆ? ಮುಲ್ವಾಲಾ ತಡವಾದರೆ ವಾರ್ಗೆಟ್ ಒಂದೇ ಅಲ್ಲ, ಎಚ್4350, ಎಚ್4895, ಎಚ್1000 ಎಲ್ಲವೂ ಒಟ್ಟಿಗೆ ಮಾಯ. ಕೊಳ್ಳುವವನಿಗೆ ಇದು ಮೊದಲೇ ಗೊತ್ತಿರಬೇಕಾದ ವಿಷಯ. ಡಬ್ಬಿಯ ಮೇಲೆ ತಯಾರಾದ ದೇಶದ ಹೆಸರು ಸಣ್ಣಕ್ಷರದಲ್ಲಿ ಇರುತ್ತದೆ, ಕಾರ್ಖಾನೆಯ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಎಡಿಐಯ ಹಾಗೆ ಉಳಿದವರೂ ಒಂದು ಪಟ್ಟಿ ಹಾಕಿದರೆ ಯಾರಿಗೂ ನಷ್ಟವಿಲ್ಲ, ಇಂಥ ಊಹಾಪೋಹವೂ ಕಡಿಮೆಯಾಗುತ್ತದೆ ಎಂದು ನನಗನ್ನಿಸುತ್ತದೆ.

ಕೊರತೆಯ ದಿನಗಳಲ್ಲೇ ಅಪಾಯದ ಚೀಟಿಗಳೂ ಹುಟ್ಟುತ್ತವೆ. ಕಂಪನಿ ಅಂಟಿಸಿದ್ದಲ್ಲ, ಕೈಯಲ್ಲಿ ಬರೆದು ಅಂಟಿಸಿದ್ದು. ತೀರಿಕೊಂಡ ಅಜ್ಜನ ಶೆಡ್ಡಿನಲ್ಲಿ ಸಿಕ್ಕ ಅರ್ಧ ಡಬ್ಬಿ, ಬೇರೆ ಡಬ್ಬಿಗೆ ಸುರಿದಿಟ್ಟ ಉಳಿಕೆ, ‘4831’ ಎಂದಷ್ಟೇ ಪೆನ್ನಿನಲ್ಲಿ ಬರೆದ ಜಾಡಿ. ಎಚ್ ಕೂಡ ಇಲ್ಲ, ಐಎಂಆರ್ ಕೂಡ ಇಲ್ಲ. ಒಳಗಿರುವುದು ಕಪ್ಪು ಕಡ್ಡಿ ಮದ್ದು ಎನ್ನುವುದು ಬಿಟ್ಟರೆ ಕಣ್ಣಿಗೆ ಏನೂ ತಿಳಿಯುವುದಿಲ್ಲ. ಅನುಭವ ಇರುವವರು ಅಂಥ ಜಾಡಿಯ ಮದ್ದನ್ನು ತೂಗುವುದೂ ಇಲ್ಲ, ವಾಸನೆ ನೋಡಿ ನಿರ್ಧರಿಸುವುದೂ ಇಲ್ಲ. ಎಷ್ಟೇ ಕೊರತೆ ಇರಲಿ, ಅದನ್ನು ತೋಟಾಗೆ ತುಂಬುವುದಿಲ್ಲ.